ಅರವತ್ತು ತುಂಬಿದ ವರ್ಷ ಹಾರ್ಲೆಮ್ ಬೀದಿಯಲ್ಲಿ ಟ್ಯಾಪ್

ಅರವತ್ತು ತುಂಬಿತು. ಮನೆಯವರ ಆಸೆಯಂತೆ ಷಷ್ಟ್ಯಬ್ದಿ ಶಾಂತಿ ಆಯ್ತು. ನನ್ನ ಆಸೆ ಮಾತ್ರ ಬೇರೆ ಇತ್ತು: ಬೀದಿಯಲ್ಲಿ ಟ್ಯಾಪ್ ಮಾಡಬೇಕು, ಅಂದರೆ ಬೂಟಿನ ಅಡಿಗೆ ಲೋಹದ ತಗಡು ಹಾಕಿ ನೆಲದ ಮೇಲೆ ತಾಳ ಬಡಿಯುತ್ತಾ ಕುಣಿಯಬೇಕು. ಅಮೆರಿಕದ ಹೆಸರಾಂತ ಟ್ಯಾಪ್ ನರ್ತಕ ಬಿಲ್ ‘ಬೋಜ್ಯಾಂಗಲ್ಸ್’ ರಾಬಿನ್ಸನ್ 1939ರಲ್ಲಿ ತಮ್ಮ 61ನೇ ಹುಟ್ಟುಹಬ್ಬಕ್ಕೆ ಬ್ರಾಡ್‌ವೇ ರಸ್ತೆಯಲ್ಲೇ ಕುಣಿಯುತ್ತಾ ಹೋಗಿದ್ದರು. ಅವರು ಹುಟ್ಟಿದ ಮೇ 25 ಅಮೆರಿಕದಲ್ಲಿ ರಾಷ್ಟ್ರೀಯ ಟ್ಯಾಪ್ ದಿನ. 1989ರಲ್ಲಿ ಅದಕ್ಕೆ ಕಾನೂನೇ ಬಂತು. ನಾನೂ ಅದೇ ದಿನ ಹಿಡಿದೆ. ಜಾಗ, ಅವರು ಬಾಳಿದ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆ.

ಮೊದಲು ನೆಲದ ಮಾತು. ಬರೀ ಕಾಂಕ್ರೀಟ್ ಮೇಲೆ ಟ್ಯಾಪ್ ಮಾಡಲೇಬೇಡಿ. ಶಬ್ದ ಚಪ್ಪೆ, ಮಂಡಿಗೆ ಪೆಟ್ಟು, ಬೂಟಿನ ತಗಡೂ ಸವೆಯುತ್ತದೆ. ನಾನು ನಾಲ್ಕಡಿ ಚೌಕದ ದಪ್ಪ ಪ್ಲೈವುಡ್ ತೆಗೆದುಕೊಂಡೆ. ಅಡಿಯಲ್ಲಿ ರೀಪರ್ ಪಟ್ಟಿ ಹೊಡೆದೆ. ಪಟ್ಟಿಗಳ ನಡುವೆ ಗಾಳಿ ಇದ್ದರೇನೇ ಹಲಗೆ ಮೃದಂಗದ ಹಾಗೆ ನಾದ ಕೊಡೋದು. ಜಾರದಿರಲಿ ಅಂತ ಪಟ್ಟಿಗಳ ಕೆಳಗೆ ರಬ್ಬರ್ ಅಂಟಿಸಿದೆ. ಆಮೇಲೆ ಬೂಟಿನ ತಗಡಿನ ಸ್ಕ್ರೂ. ಹಿಮ್ಮಡಿಯದು ಬಿಗಿ, ಮುಂಗಾಲಿನದು ಕೂದಲೆಳೆಯಷ್ಟು ಸಡಿಲ. ಆಗ ತಗಡು ಸ್ವಲ್ಪ ಉಸಿರಾಡುತ್ತದೆ. ಇದು ನನ್ನ ಕಿವಿಯ ಲೆಕ್ಕ, ಎಲ್ಲರೂ ಒಪ್ಪಲ್ಲ.

ಮೈಕ್ ಇಡಲಿಲ್ಲ. ನ್ಯೂಯಾರ್ಕಿನಲ್ಲಿ ಅದಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಬಸ್ಸು, ಹಾರ್ನ್ ಗಲಾಟೆ ಇದ್ದರೂ ಜೋರಾಗಿ ಶುರು ಮಾಡಬಾರದು. ಮುಂಗಾಲನ್ನು ಮುಂದಕ್ಕೂ ಹಿಂದಕ್ಕೂ ಸವರುವ ಶಫಲ್ ಹೆಜ್ಜೆಯನ್ನು ಮೆಲ್ಲಗೆ ಹಾಕುತ್ತಾ ನಿಂತೆ. ಕೇಳಿಸಲಿ ಅಂತ ಜನರೇ ಹತ್ತಿರ ಬಂದರು. ಹೊರಗೆ ಟ್ಯಾಪ್ ಅಂದ್ರೆ ನೋಡೋದಕ್ಕಿಂತ ಕೇಳೋದು ಜಾಸ್ತಿ, ಅಲ್ವಾ?

ಈ ವಯಸ್ಸಿಗೆ ರಾಬಿನ್ಸನ್ ಅವರ ದಾರಿಯೇ ಸರಿ. ಟ್ಯಾಪನ್ನು ಮುಂಗಾಲಿನ ಮೇಲೆ ಎತ್ತಿ ನಿಲ್ಲಿಸಿದವರು ಅವರು. ಮೈ ನೆಟ್ಟಗೆ, ಕಾಲು ಹಗುರ, ನೆಗೆತ ಕಡಿಮೆ. ತಾಳ ಹಿಡಿಯುವ ‘ಟೈಮ್ ಸ್ಟೆಪ್’ ಹೆಜ್ಜೆಯನ್ನು ಹಾಗೇ ಮಾಡಿದೆ, ಉಸಿರು ಕಟ್ಟಲಿಲ್ಲ.

ಕೊನೆಗೆ ಶಿಮ್ ಶ್ಯಾಮ್ ಅನ್ನೋ ಟ್ಯಾಪ್ ಕುಣಿತ. 1920ರ ದಶಕದಲ್ಲಿ ಲೆನಾರ್ಡ್ ರೀಡ್ ಮತ್ತು ವಿಲ್ಲಿ ಬ್ರಯಂಟ್ ಕಟ್ಟಿದ್ದು. ಟ್ಯಾಪ್ ಕಲಿತವರಿಗೆಲ್ಲ ಬರುತ್ತದೆ, ಅದಕ್ಕೇ ಎಲ್ಲರೂ ಸೇರಿ ಕುಣಿಯೋದು. ಶುರುವಾದ ಕೂಡಲೇ ಹಿರಿಯರೊಬ್ಬರು ತರಕಾರಿ ಚೀಲ ಕೆಳಗಿಟ್ಟರು. ಹಲಗೆಯಲ್ಲಿ ಜಾಗವಿಲ್ಲ. ಚರ್ಮದ ಬೂಟಿನಲ್ಲೇ ಕಾಂಕ್ರೀಟ್ ಮೇಲೆ ಕುಣಿದರು. ತಗಡಿಲ್ಲದ ಕಾಲಿನ ಸರ್ ಸರ್ ಸದ್ದು ನನ್ನ ಏಟುಗಳ ನಡುವೆ ಸರಿಯಾಗಿ ಕೂತಿತ್ತು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನಾನು ಇಳಿದು ಹಲಗೆ ಅವರಿಗೆ ಬಿಟ್ಟೆ.

ಮುಂದಿನ ಮೇಗೆ ಎಂಟಡಿ ಉದ್ದದ ಹಲಗೆ ಮಾಡಿಸುತ್ತಿದ್ದೇನೆ.