ಒಂದು ಎಲೆಚುಕ್ಕೆಗೆ ಸರಿಯಾದ ಹೆಸರು ಹುಡುಕಿದ್ದು

ಮಾವಿನ ಎಲೆಯ ಚಿಬ್ಬು ರೋಗಕ್ಕೆ ಕಾರಣ ಕೊಲೆಟೋಟ್ರೈಕಮ್ ಗ್ಲಿಯೋಸ್ಪೊರಿಯಾಯ್ಡಿಸ್ ಎಂಬ ಶಿಲೀಂಧ್ರ, ಅಂದರೆ ಬೂಸ್ಟು, ಎಂದು ಓದಿಕೊಂಡು ಬೆಳೆದವಳು ನಾನು. ಅದನ್ನೇ ಬರೆದು ಮುಗಿಸಬಹುದು ಅಂದುಕೊಂಡೇ ಕೆಲಸಕ್ಕೆ ಕೂತೆ.

ಮಾವಿನ ಎಲೆಯೊಂದರ ಚುಕ್ಕೆಯ ಅಂಚಿನಿಂದ, ಅಂದರೆ ಕಂದು ಮತ್ತು ಹಸಿರು ಸೇರುವ ಜಾಗದಿಂದ, 5 ಮಿಲಿಮೀಟರ್ ತುಂಡು ಕತ್ತರಿಸಿದೆ. ನಡುವಿನ ಒಣ ಭಾಗ ತೆಗೆದರೆ ಸತ್ತ ಎಲೆಯ ಮೇಲೆ ಆಮೇಲೆ ಬಂದು ಕೂತ ಬೂಸ್ಟುಗಳೇ ಜಾಸ್ತಿ ಬೆಳೆಯುತ್ತವೆ. ತುಂಡನ್ನು 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಲ್ಲಿ ಮೂರು ಸಲ ತೊಳೆದು, ಬೂಸ್ಟು ಬೆಳೆಸುವ ಆಲೂಗಡ್ಡೆ ಅಗರ್ ತಟ್ಟೆಯಲ್ಲಿಟ್ಟೆ. ಮೊದಲು ಹತ್ತಿಯಂಥ ಬಿಳಿ ಬೆಳವಣಿಗೆ. ಆಮೇಲೆ ಬೂದು ಬಣ್ಣ, ಅದರ ಮೇಲೆ ಕಿತ್ತಳೆ ಬಣ್ಣದ ಅಂಟು ಹನಿಗಳು. ಆ ಒಂದೊಂದು ಹನಿಯೂ ಬೀಜಕಣಗಳ ರಾಶಿ. ಹನಿಯನ್ನು ತೆಳುವಾಗಿ ಹರಡಿ, ಒಂಟಿ ಬೀಜಕಣದಿಂದ ಮತ್ತೆ ಬೆಳೆಸಿಕೊಂಡೆ. ಇಲ್ಲದಿದ್ದರೆ ಎರಡು ಬೂಸ್ಟು ಬೆರೆತಿದ್ದರೂ ಗೊತ್ತೇ ಆಗುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಉದ್ದನೆಯ, ತುದಿ ದುಂಡಗಿನ ಬೀಜಕಣಗಳು ಕಂಡವು. ಕುಲ ಕೊಲೆಟೋಟ್ರೈಕಮ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಪ್ರಭೇದ? 1957ರಲ್ಲಿ ಫಾನ್ ಆರ್ಕ್ಸ್ ಎಂಬ ವಿಜ್ಞಾನಿ ಈ ಕುಲದ ಸುಮಾರು 750 ಹೆಸರುಗಳನ್ನು ರೂಪ ನೋಡಿ 11ಕ್ಕೆ ಇಳಿಸಿದ್ದರು. ಅದರಿಂದ ಎಷ್ಟೋ ಬೇರೆ ಬೇರೆ ಜೀವಿಗಳು ಒಂದೇ ಹೆಸರಿನ ಕೆಳಗೆ ಸೇರಿಹೋದವು. ಹಳೆಯ ಪುಸ್ತಕಗಳಲ್ಲಿ ಈ ಕುಲಕ್ಕೆ ಗ್ಲೋಮೆರೆಲ್ಲಾ ಎಂಬ ಎರಡನೇ ಹೆಸರೂ ಇದೆ. ಲೈಂಗಿಕ ಹಂತಕ್ಕೆ ಬೇರೆ ಹೆಸರಿಡುವ ಆ ಪದ್ಧತಿ ನಿಂತಿದ್ದು 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದ ತೀರ್ಮಾನದಿಂದ.

ಐಟಿಎಸ್ ಭಾಗದ ಡಿಎನ್‌ಎ ಓದಿಸಿದೆ. ಶಿಲೀಂಧ್ರಗಳ ಗುರುತಿಗೆ 2012ರಲ್ಲಿ ಸೂಚಿಸಿದ ಡಿಎನ್‌ಎ ಬಾರ್‌ಕೋಡ್ ಅದು. ಆದರೆ ಹೋಲಿಕೆ ನೋಡಿದರೆ ಗ್ಲಿಯೋಸ್ಪೊರಿಯಾಯ್ಡಿಸ್, ಸಯಾಮೆನ್ಸ್, ಫ್ರುಕ್ಟಿಕೋಲಾ ಎಂಬ ಪ್ರಭೇದಗಳೆಲ್ಲವೂ ಒಟ್ಟಿಗೇ ಬಂದವು. ನಾನು ಪಟ್ಟಿಯ ಮೊದಲ ಹೆಸರನ್ನೇ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಈ ಗುಂಪಿನ ಪ್ರಭೇದಗಳು ಕವಲೊಡೆದ ಮೇಲೆ ಐಟಿಎಸ್ ಅಷ್ಟು ಬದಲಾಗಿಲ್ಲ. ಸಾಲದ್ದಕ್ಕೆ, ಹೋಲಿಕೆಗೆ ಬಳಸುವ ಡಿಎನ್‌ಎ ಸಂಗ್ರಹದಲ್ಲಿರುವ ಎಷ್ಟೋ ಹೆಸರುಗಳು ಹಳೆಯ ಅಂದಾಜಿನವು.

ಮತ್ತೆ ಶುರು ಮಾಡಿದೆ. ಇನ್ನೂ ಬೇಗ ಬದಲಾಗುವ ಜಿಎಪಿಡಿಎಚ್ ಮತ್ತು ಎಪಿಮ್ಯಾಟ್ ಎಂಬ ಡಿಎನ್‌ಎ ಭಾಗಗಳನ್ನು ಓದಿಸಿದೆ. ಈ ಸಲ ಹೋಲಿಕೆಗೆ ತೆಗೆದುಕೊಂಡಿದ್ದು ಪ್ರಭೇದವನ್ನು ಹೆಸರಿಸುವಾಗ ಆಧಾರವಾಗಿಟ್ಟ ಮೂಲ ಮಾದರಿಗಳ ಡಿಎನ್‌ಎ ಮಾತ್ರ. ವಂಶವೃಕ್ಷ ಕಟ್ಟಿದಾಗ ನನ್ನ ಬೂಸ್ಟು ಸಯಾಮೆನ್ಸ್ ಕವಲಿನಲ್ಲಿ ಹೋಗಿ ಕೂತಿತು. ಆ ಪ್ರಭೇದಕ್ಕೆ ಹೆಸರು ಬಂದಿದ್ದೇ 2009ರಲ್ಲಿ, ಥಾಯ್ಲೆಂಡಿನ ಕಾಫಿ ಹಣ್ಣಿನಿಂದ. ನಿಜವಾದ ಗ್ಲಿಯೋಸ್ಪೊರಿಯಾಯ್ಡಿಸ್‌ನ ಆಧಾರ ಮಾದರಿ ಇಟಲಿಯ ಕಿತ್ತಳೆ ಗಿಡದ್ದು. ಅದು ಬೇರೆಯೇ ಕೊಂಬೆಯಲ್ಲಿತ್ತು. ಒಂದೇ ಥರದ ಬೀಜಕಣ, ಬೇರೆ ಬೇರೆ ವಂಶ. ಆ ವೃಕ್ಷವನ್ನು ನೋಡುತ್ತಾ ಸುಮ್ನೆ ಕೂತುಬಿಟ್ಟಿದ್ದೆ.

ಮಾರನೇ ದಿನ ಫ್ರಿಜ್ಜಿನಲ್ಲಿದ್ದ ಹಳೆಯ ಟ್ಯೂಬುಗಳನ್ನೆಲ್ಲ ಹೊರಗೆ ತೆಗೆದೆ. ಐಟಿಎಸ್ ಮಾತ್ರ ನೋಡಿ ಹೆಸರಿಟ್ಟಿದ್ದ ಪ್ರತಿಯೊಂದರ ಚೀಟಿಯಲ್ಲೂ ಪ್ರಭೇದದ ಹೆಸರು ಹೊಡೆದುಹಾಕಿ, ‘ಗ್ಲಿಯೋಸ್ಪೊರಿಯಾಯ್ಡಿಸ್ ಗುಂಪು’ ಎಂದು ಬರೆದೆ.