ಚಂದ್ರಮತಿಯ ಪಾತ್ರಕ್ಕೆ ಅಂಕ ಹಾಕೋದು ಹೇಗೆ?

ನಮ್ಮ ಕಲಬುರಗಿ ಕಡೆ ಸುಗ್ಗಿ ಮುಗಿದು ಜಾತ್ರೆ ಶುರುವಾದವು ಅಂದರೆ ನಾಟಕದ ಕಾಲ. ಕೆಲವು ಊರಲ್ಲಿ ಸ್ಪರ್ಧೆಯನ್ನೂ ಇಟ್ಟುಕೊಳ್ಳುತ್ತಾರೆ. ಸ್ಪರ್ಧೆ ಅಂದಮೇಲೆ ನಿರ್ಣಾಯಕರು ಬೇಕಲ್ವಾ, ಸ್ವಲ್ಪ ಹಾಡು ಗೊತ್ತಿದೆ, ನಾಲ್ಕಕ್ಷರ ಓದಿದ್ದಾನೆ ಅನ್ನೋ ಯಾರನ್ನಾದರೂ ಹಿಡಿದು ತಂದು, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಕೈಗೆ ಅಂಕಪಟ್ಟಿ ಕೊಟ್ಟುಬಿಡುತ್ತಾರೆ. ಅದರಲ್ಲಿ 'ಭಾವ - 25' ಅಂತ ಒಂದು ಸಾಲು ಇರುತ್ತದೆ. ತಲೆನೋವೆಲ್ಲ ಅಲ್ಲೇ. ಶ್ರುತಿ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ, ತಾಳ ತಪ್ಪಿದರೆ ತಬಲಾದವನ ಮುಖ ನೋಡಿದರೆ ಸಾಕು. ಭಾವಕ್ಕೆ 18 ಕೊಡಬೇಕೋ 22 ಕೊಡಬೇಕೋ ಹೇಗೆ ತಿಳಿಯಬೇಕು?

ಮೊದಲ ಸಲ ಕೂತಾಗ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಾಲ್ಕು ರಾತ್ರಿ, ನಾಲ್ಕು ತಂಡ. ಅದರಲ್ಲಿ ಎರಡು ತಂಡ ಹರಿಶ್ಚಂದ್ರನ ಕಥೆಯನ್ನೇ ಆಡಿದವು. ಒಬ್ಬ ಚಂದ್ರಮತಿ ಸುಡುಗಾಡಿನ ಸೀನ್‌ನಲ್ಲಿ ಅತ್ತಿದ್ದೇ ಅತ್ತಿದ್ದು. ಕೆನ್ನೆ ಮೇಲಿನ ಬಣ್ಣ ಇಳಿದು ಕುತ್ತಿಗೆಗೆ ಬಂತು. ನಾನು 25ಕ್ಕೆ 24 ಹಾಕಿದೆ. ಇನ್ನೊಬ್ಬಾಕೆಗೆ 17. ಬೆಳಗಿನ ಜಾವ ಚಹಾ ಕುಡಿಯುವಾಗ ವಯಸ್ಸಾದ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರು ಪಕ್ಕದಲ್ಲಿ ಕೂತು ಕೇಳಿದರು: "ತಮ್ಮಾ, ಅಕಿ ಅತ್ತದ್ದು ಎಲ್ಲಾರಿಗೂ ಕಂಡದ. ಅಕಿ ಹಾಡಿದ್ರಾಗಿಂದು ಒಂದು ಸಾಲು ಹೇಳು ನೋಡೋಣ." ನನಗೆ ಒಂದು ಸಾಲೂ ನೆನಪಿರಲಿಲ್ಲ. ಇನ್ನೊಬ್ಬಾಕೆಯ ಹಾಡು, ನಾನು 17 ಕೊಟ್ಟಾಕೆಯದು, ಮೂರು ಸಾಲು ಗಟ್ಟಿಯಾಗಿ ನೆನಪಿತ್ತು. ಅಂಕಪಟ್ಟಿ ಆಗಲೇ ಕಮಿಟಿಯವರ ಕೈ ಸೇರಿತ್ತು.

ಅವತ್ತಿನಿಂದ ನಾನು ಮೊದಲು ನೋಡುವುದು ಇದನ್ನೇ. ಪದ ಮುಟ್ಟಿತೋ ಇಲ್ಲವೋ?

ಇದಕ್ಕೆ ಅಳತೆಗೋಲು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಸಾವಾದ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುವುದನ್ನು ಕೇಳಿದ್ದೀರಲ್ಲ. ಸುಮ್ನೆ 'ಅಯ್ಯೋ' ಅನ್ನುವುದಿಲ್ಲ ಅವರು. ಸತ್ತವನು ನಿನ್ನೆ ಯಾವ ಹೊಲಕ್ಕೆ ಹೋಗಿದ್ದ, ಬುತ್ತಿಯಲ್ಲಿ ಏನು ಕಟ್ಟಿಸಿಕೊಂಡಿದ್ದ, ಯಾವ ಮಗಳ ಮದುವೆ ಬಾಕಿ ಬಿಟ್ಟು ಹೋದ, ಎಲ್ಲ ಒಂದೊಂದಾಗಿ ರಾಗದಲ್ಲಿ ಬರುತ್ತದೆ. ಅಳುವಿನ ನಡುವೆಯೂ ಒಂದು ಪದ ನುಂಗಿ ಹೋಗುವುದಿಲ್ಲ. ಅದನ್ನು ಕೇಳಿಯೇ ಹೊರಗೆ ನಿಂತ ಗಂಡಸರು ಟವೆಲ್ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮೊಹರಂನಲ್ಲಿ ರಿವಾಯತ್ ಪದ ಹಾಡುವವರನ್ನೂ ನೋಡಿ. ಕರ್ಬಲಾದ ಸಾವಿನ ಕಥೆ, ನಮ್ಮ ಕನ್ನಡದಲ್ಲೇ. ಹಾಡುವವರ ಕಣ್ಣು ಒಣಗಿರುತ್ತದೆ, ಕೇಳುವವರದ್ದು ಒದ್ದೆ. ಈ ಎರಡನ್ನೂ ಕೇಳಿ ಬೆಳೆದ ಜನ ನಮ್ಮ ನಾಟಕ ನೋಡಲು ಕೂತಿರುತ್ತಾರೆ, ಅವರಿಗಿಂತ ಕಡಿಮೆ ಕಿವಿ ಇಟ್ಟುಕೊಂಡು ನಾವು ಅಂಕ ಹಾಕಬಾರದು.

ಈಗ ಕೆಲಸದ ಮಾತು.

ನಾಟಕಕ್ಕೆ ಮೊದಲು ಮಾಸ್ತರರ ಹತ್ತಿರ ಹೋಗಿ ಕೇಳಿ: ಈ ಪಾತ್ರಕ್ಕೆ ಎಷ್ಟು ಹಾಡು, ಎಷ್ಟು ಕಂದ (ತಾಳವಿಲ್ಲದೆ ಹಾಡುವ ಪದ್ಯ), ಯಾವ ಸ್ಕೇಲು, ಸುಡುಗಾಡಿನ ಸೀನ್ ಎಷ್ಟು ಗಂಟೆಗೆ ಬರುತ್ತದೆ. ಕೊನೆಯ ಪ್ರಶ್ನೆ ತಮಾಷೆ ಅನಿಸಬಹುದು, ಆದರೆ ಚಂದ್ರಮತಿಯ ಪಾತ್ರ ಕಷ್ಟ ಅನ್ನುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ. ಹಳ್ಳಿಯಲ್ಲಿ ನಾಟಕ ಶುರುವಾಗುವುದೇ ರಾತ್ರಿ 10ರ ಮೇಲೆ. ರಾಜ್ಯ ಹೋಗಬೇಕು, ಕಾಶಿಗೆ ಬರಬೇಕು, ಆಕೆ ಮಾರಾಟವಾಗಬೇಕು, ಮಗ ಲೋಹಿತಾಶ್ವ ಹಾವು ಕಚ್ಚಿ ಸಾಯಬೇಕು, ಕತ್ತಲಲ್ಲಿ ಹೆಣ ಹುಡುಕಬೇಕು, ಇಷ್ಟಾದ ಮೇಲೆ ಸುಡುಗಾಡು. ಅಷ್ಟು ಹೊತ್ತಿಗೆ ಮೂರು ಗಂಟೆ ಆಗಿರುತ್ತದೆ, ಗಂಟಲು ಐದು ತಾಸು ದುಡಿದಿರುತ್ತದೆ. ಆ ಗಂಟಲಿನಿಂದ ಪಾತ್ರದ ದೊಡ್ಡ ಹಾಡು ಬರಬೇಕು.

ಹಾಗಾಗಿ ಮೊದಲ ಸೀನ್‌ನಿಂದಲೇ ಗಮನಿಸಿ, ದುಃಖವನ್ನು ಹೇಗೆ ಖರ್ಚು ಮಾಡುತ್ತಿದ್ದಾಳೆ ಅಂತ. ಮಾರಾಟದ ಸೀನ್‌ನಲ್ಲೇ ಪೂರ್ತಿ ದನಿ ತೆಗೆದು ಗೋಳಾಡಿದರೆ ಸುಡುಗಾಡಿಗೆ ಏನು ಉಳಿಯುತ್ತದೆ? ಮಾರಾಟದಲ್ಲಿ ಇರುವುದು ಅವಮಾನ, ಅಲ್ಲಿ ಗಂಡನ ಮುಖ ನೋಡಿ ಆಕೆ ದುಃಖ ತಡೆದುಕೊಳ್ಳಬೇಕು. ಹಾವು ಕಚ್ಚಿದ ಸುದ್ದಿ ಬಂದಾಗ ಇರುವುದು ನಂಬಲಾಗದ ಗಾಬರಿ, ಹಾಡಿಗಿಂತ ಮಾತೇ ಸರಿ ಅಲ್ಲಿ. ಹುಡುಕಾಟದಲ್ಲಿ ಭಯ, ಆಸೆ ಎರಡೂ ಇವೆ. ಸುಡುಗಾಡಿನಲ್ಲಿ ಮಾತ್ರ ಪೂರ್ತಿ ಶೋಕ, ಅಲ್ಲೂ ಸುಂಕ ಕೇಳುವವನು ಅಡ್ಡ ನಿಂತಾಗ ಶೋಕದ ಜೊತೆ ಸಿಟ್ಟು ಬೆರೆಯುತ್ತದೆ. ಇವೆಲ್ಲ ಒಂದೇ ಬಣ್ಣದ ಅಳುವಿನಲ್ಲಿ ಬಂದರೆ ನಾನು 15 ದಾಟುವುದಿಲ್ಲ, ಕಂಠ ಎಷ್ಟೇ ಜೇನಿನಂತಿರಲಿ.

ಇನ್ನು ಮಾತು ನಿಂತು ಹಾಡು ಶುರುವಾಗುವ ಜಾಗ. ನನ್ನ ಕೇಳಿದರೆ ನಟಿ ಸಿಕ್ಕಿಬೀಳುವುದು ಇಲ್ಲೇ. ಮಾತು ಮುಗಿಯಿತು, ಪೇಟಿ ಒಂದು ಸ್ವರ ಹಿಡಿಯಿತು, ಆಕೆ ಮಾಸ್ತರರ ಕಡೆ ಒಮ್ಮೆ ನೋಡಿ, ಸೆರಗು ಸರಿ ಮಾಡಿಕೊಂಡು, ಗಂಟಲು ಕೆಮ್ಮಿ ಹಾಡು ಎತ್ತಿದಳು ಅನ್ನಿ. ಆ ಎರಡು ಸೆಕೆಂಡಿನಲ್ಲಿ ಚಂದ್ರಮತಿ ಹೋದಳು, ಹಾಡುಗಾರ್ತಿ ಬಂದಳು. ಪಳಗಿದವರು ಏನು ಮಾಡುತ್ತಾರೆ ಅಂದರೆ ಮಾತಿನ ಕೊನೆಯ ಸಾಲನ್ನೇ ಶ್ರುತಿಯ ಹತ್ತಿರ ತಂದು ಆಡುತ್ತಾರೆ. 'ಕಂದಾ' ಅಂತ ಕರೆದದ್ದು ಮಾತೋ ಹಾಡೋ ಗೊತ್ತಾಗುವ ಮೊದಲೇ ಹಾಡು ಶುರುವಾಗಿರುತ್ತದೆ. ಹಾಡು ಮುಗಿದು ಮಾತಿಗೆ ಇಳಿಯುವಾಗಲೂ ಹಾಗೇ. ಕಂದ ಪದ್ಯಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ತಬಲಾ ಇರುವುದಿಲ್ಲ, ಮರೆಯಾಗಲು ತಾಳ ಇಲ್ಲ, ಎಲ್ಲಿ ನಿಲ್ಲಬೇಕು ಎಲ್ಲಿ ಎಳೆಯಬೇಕು ಅನ್ನುವುದು ಪೂರ್ತಿ ಆಕೆಯ ಕೈಯಲ್ಲಿ. ಒಂದೇ ಒಂದು ಜಾಗ ನೋಡಿ ಅಂಕ ಹಾಕು ಅಂದರೆ ನಾನು ಕಂದ ಕೇಳಿ ಹಾಕುತ್ತೇನೆ.

ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ನೋಡಿ. 'ಕಣ್ಣು ತೆರೆದು ಅವ್ವಾ ಅನ್ನೋ' ಅಂತ ಒಂದು ಸಾಲು ಇದೆ ಅಂದುಕೊಳ್ಳಿ. 'ತೆರೆದು' ಆದಮೇಲೆ ಉಸಿರು ತೆಗೆದರೆ ಆ ನಿಲುಗಡೆಯಲ್ಲಿ ಮಗ ಕಣ್ಣು ತೆರೆಯಬಹುದೇ ಅನ್ನೋ ಕಾಯುವಿಕೆ ಇರುತ್ತದೆ. 'ತೆರೆ' ಅಂತ ತುಂಡು ಮಾಡಿ ಉಸಿರೆಳೆದರೆ ಅದು ಗಾಳಿ ಸಾಲದ್ದು, ಅಷ್ಟೇ. ಕೆಲವರು ಉಸಿರು ಸಾಲದ್ದನ್ನೇ ಬಿಕ್ಕು ಅಂತ ತೋರಿಸಿ ದಾಟಿಬಿಡುತ್ತಾರೆ! ಒಂದು ಸಲ ಮೋಸ ಹೋಗಬಹುದು. ಪ್ರತಿ ಸಾಲಿನ ಅದೇ ಜಾಗದಲ್ಲಿ ಬಿಕ್ಕು ಬಂದರೆ ಅದು ಶ್ವಾಸದ ತೊಂದರೆ.

ತಾನ್, ಅಂದರೆ ಸ್ವರಗಳನ್ನು ವೇಗವಾಗಿ ಸುತ್ತಿಸುವುದು, ಬೇಕಾ ಬೇಡವಾ ಅನ್ನೋದು ನಮ್ಮ ಕಡೆ ದೊಡ್ಡ ಜಗಳ. ಉತ್ತರ ಕರ್ನಾಟಕದ ಕಂಪನಿ ನಾಟಕದ ಮೇಲೆ ಮರಾಠಿ ಸಂಗೀತ ನಾಟಕದ ಪ್ರಭಾವ ಜಾಸ್ತಿ, ಆಳಂದ, ಬಸವಕಲ್ಯಾಣದ ಕಡೆಯಂತೂ ಗಡಿಯಾಚೆಯ ಮಟ್ಟು ಹಳಬರ ಬಾಯಲ್ಲೇ ಇರುತ್ತಿತ್ತು. ಹಾಗಾಗಿ ತಾನ್ ಇಲ್ಲದ ಹಾಡು ಸಪ್ಪೆ ಅನ್ನುವವರಿದ್ದಾರೆ. ನನಗೆ ತಾನ್ ಮೇಲೆ ಸಿಟ್ಟಿಲ್ಲ. 'ಕಂದಾ' ಅನ್ನುವ ಕರೆಯ ಕೊನೆಯ ಆಕಾರ ಬೆಳೆದು ಬೆಳೆದು ಒಂದು ಸುತ್ತು ಬಂದು ಕೆಳಗೆ ಕುಸಿದರೆ ಅದು ಅಳುವೇ. ಆದರೆ ಸುಂಕ ಕೊಡಲು ಕಾಸಿಲ್ಲ ಅಂತ ಹೇಳುವ ಸಾಲಿನಲ್ಲಿ ಮೂರು ಸುತ್ತು ತಾನ್ ಹೊಡೆದು ತಿಹಾಯಿ (ಮೂರು ಸಲ ಅದನ್ನೇ ಹೇಳಿ ಮುಗಿಸುವುದು) ಇಟ್ಟು ಚಪ್ಪಾಳೆಗೆ ಕಾಯುವುದು ಇದೆಯಲ್ಲ, ಅದಕ್ಕೆ ಸಂಗೀತದ ಕಾಲಂನಲ್ಲಿ ಬೇಕಾದರೆ ಒಂದು ಅಂಕ ಕೊಡಿ, ಭಾವದ ಕಾಲಂನಲ್ಲಿ ಎರಡು ಕಳೆಯಿರಿ.

ಕಣ್ಣೀರಿನ ಲೆಕ್ಕ ಈಗ. ನಿಜವಾಗಿ ಅತ್ತರೆ ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ, ಮೂಗು ಕಟ್ಟುತ್ತದೆ. ಆಗ ಹಾಡು ಆಗುವುದೇ ಇಲ್ಲ. ಹಾಡುವ ನಟಿ ಅಳುವಿನ ಅಂಚಿಗೆ ಬಂದು ನಿಲ್ಲಬೇಕು, ಆಚೆ ಬೀಳಬಾರದು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಮರಗಟ್ಟಿ ನಿಲ್ಲುವುದು, ಬೆವರುವುದು, ಮೈ ಜುಮ್ಮೆನ್ನುವುದು, ದನಿ ಒಡೆಯುವುದು, ನಡುಗುವುದು, ಬಣ್ಣ ಕೆಡುವುದು, ಕಣ್ಣೀರು, ಮೂರ್ಛೆ. ಎಂಟರಲ್ಲಿ ಕಣ್ಣೀರು ಒಂದು ಅಷ್ಟೇ. ಉಳಿದ ಏಳಕ್ಕೂ ಕಣ್ಣು ತೆರೆದಿರಿ. ನಾನು 17 ಕೊಟ್ಟಿದ್ದೆನಲ್ಲ, ಆಕೆ ಹೆಣ ಕಂಡಾಗ ಅಳಲಿಲ್ಲ, ಮರಗಟ್ಟಿ ನಿಂತಿದ್ದಳು. ನಾನು ಅದನ್ನು ಡೈಲಾಗ್ ಮರೆತಿದ್ದಾಳೆ ಅಂತ ತಿಳಿದೆ!

ದನಿ ಒಡೆಯುವುದಕ್ಕೂ ಬೇಸುರ್ (ಅಪಸ್ವರ) ಆಗುವುದಕ್ಕೂ ವ್ಯತ್ಯಾಸ ಹೇಗೆ ಹಿಡಿಯುವುದು? ಒಡೆದ ಸ್ವರ ಬಿಡಿ, ಅದರ ಮುಂದಿನ ಸ್ವರ ಕೇಳಿ. ಒಡೆದ ಮೇಲೆ ಸರಿಯಾದ ಜಾಗಕ್ಕೆ ಬಂದು ಕೂತರೆ ಆಕೆಗೆ ಎಲ್ಲ ಗೊತ್ತಿದೆ. ಮುಂದಿನದೂ ತೇಲಾಡಿದರೆ ಗಂಟಲು ಸೋತಿದೆ. ಇಡೀ ರಾತ್ರಿಯಲ್ಲಿ ಒಂದು ಸಲ ಒಡೆದರೆ ಎದೆ ಝಲ್ ಅನ್ನುತ್ತದೆ. ನಾಲ್ಕು ಸಲ ಆದರೆ ಅದು ಚಾಳಿ.

ಹಾಡುವವರ ಒಳಗಿನ ದುಃಖಕ್ಕೆ ನಾವು ಅಂಕ ಕೊಡುವುದಲ್ಲ ಅನ್ನುವುದಕ್ಕೆ ಬಾಲಗಂಧರ್ವರನ್ನು ನೆನೆಸಿಕೊಳ್ಳಿ. 1888ರಲ್ಲಿ ಹುಟ್ಟಿ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಗಳಿಂದಲೇ ಹೆಸರಾದ ಹಾಡುಗಾರ. 1911ರಲ್ಲಿ ಹೊಸ ನಾಟಕದ ಮೊದಲ ಪ್ರಯೋಗದ ದಿನವೇ ಅವರ ಪುಟ್ಟ ಮಗಳು ತೀರಿಕೊಂಡಳು. ಆದರೂ ಬಣ್ಣ ಹಚ್ಚಿದರು. ಅವತ್ತು ಅವರದು ಶೋಕದ ಪಾತ್ರ ಆಗಿರಲಿಲ್ಲ, ಪ್ರೇಮ, ಮುನಿಸು ಇರುವ ಹೆಣ್ಣಿನ ಪಾತ್ರ. ಒಳಗೆ ಒಂದು, ಹೊರಗೆ ಇನ್ನೊಂದು.

ಹಾಡದಿರುವಾಗಲೂ ಆಕೆಯನ್ನೇ ನೋಡುತ್ತಿರಿ. ಹರಿಶ್ಚಂದ್ರ ತನ್ನ ಕಂದ ಎತ್ತಿದಾಗ ಆಕೆ ಕೇಳುತ್ತಿದ್ದಾಳಾ, ಇಲ್ಲ ತನ್ನ ಮುಂದಿನ ಸಾಲು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಾಳಾ? ಕೈ ಎಲ್ಲಿದೆ? ಸತ್ತ ಮಗನ ತಲೆ ತೊಡೆ ಮೇಲಿದ್ದರೆ ಬೆರಳು ಸುಮ್ಮನಿರುವುದಿಲ್ಲ, ಕೂದಲು ಸರಿ ಮಾಡುತ್ತದೆ. (ಒಂದು ಸಲ ಲೋಹಿತಾಶ್ವನಾಗಿದ್ದ ಹುಡುಗ ಸೊಳ್ಳೆ ಕಚ್ಚಿ ಕಾಲು ಕೆರೆದುಕೊಂಡ. ಜನ ನಕ್ಕರು. ಆಕೆ ಹಾಡು ನಿಲ್ಲಿಸದೆ ಸೆರಗು ಅವನ ಕಾಲಿಗೆ ಹೊದಿಸಿ ಕೈಯಿಂದ ಒತ್ತಿ ಹಿಡಿದಳು, ಮಗನಿಗೆ ಚಳಿ ಆದೀತು ಅನ್ನುವ ಹಾಗೆ. ನಗು ನಿಂತಿತು. ಅದಕ್ಕೆ ಕಾಲಂ ಇರಲಿಲ್ಲ, ಭಾವದಲ್ಲೇ ಸೇರಿಸಿದೆ.)

ಆಯೇರಿ (ಮೆಚ್ಚುಗೆಯ ಕಾಣಿಕೆ) ಮತ್ತು ವನ್ಸ್ ಮೋರ್. ಗೋಳಾಟದ ನಡುವೆ ಯಾರೋ ಸ್ಟೇಜ್ ಹತ್ತಿ ನೂರು ರೂಪಾಯಿ ಕೊಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಚಂದ್ರಮತಿ ಕೈ ಮುಗಿಯಬೇಕು. ಇದಕ್ಕೆ ಆಕೆಯ ಅಂಕ ಕಳೆಯಬೇಡಿ, ಅದು ನಮ್ಮ ಪದ್ಧತಿ, ಆಕೆಯ ಹೊಟ್ಟೆಪಾಡು. ಕೈ ಮುಗಿದ ಮೇಲೆ ಎಷ್ಟು ಬೇಗ ಸುಡುಗಾಡಿಗೆ ವಾಪಸ್ ಬರುತ್ತಾಳೆ ಅನ್ನುವುದನ್ನು ಮಾತ್ರ ನೋಡಿ.

ಕೂರುವ ಜಾಗ ಮುಖ್ಯ. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಂಥ ಒಳಾಂಗಣ ಆದರೆ ಮಧ್ಯದ ಸಾಲು ಸಾಕು. ಬಯಲಲ್ಲಿ ಡಬ್ಬಿ ಸ್ಪೀಕರ್ ಪಕ್ಕ ಕೂರಿಸಿದರೆ ಎದ್ದು ಬೇರೆ ಕಡೆ ಹೋಗಿ, ಶಾಲು ಹೊದಿಸಿದ್ದಾರೆ ಅಂತ ಸಂಕೋಚ ಬೇಡ. ಮೈಕಿನವನಿಗೆ ಎಲ್ಲ ತಂಡಕ್ಕೂ ಎಕೋ ಒಂದೇ ಅಳತೆಯಲ್ಲಿ ಇಡಲು ಮೊದಲೇ ಹೇಳಿ. ಎಕೋ ಜಾಸ್ತಿ ಇಟ್ಟರೆ ಸಂತೆ ಲೆಕ್ಕ ಓದಿದರೂ ಕರುಣ ರಸ ಉಕ್ಕುತ್ತದೆ.

ಕೊನೆಗೆ ನಿಮ್ಮ ಕಣ್ಣೀರು. ಅಪ್ಪ ತೀರಿಕೊಂಡ ವರ್ಷ ನಾನು ಒಂದು ಸಾಧಾರಣ ಹಾಡಿಗೂ ಅತ್ತೆ. ಆ ಅಂಕ ಹಾಡಿಗೆ ಸೇರಿದ್ದಲ್ಲ. ಈಗ ಏನು ಮಾಡುತ್ತೇನೆ ಅಂದರೆ, ಸೀನ್ ಮುಗಿದ ಕೂಡಲೇ ಭಾವದ ಕಾಲಂ ತುಂಬುವುದಿಲ್ಲ. ಹಾಳೆಯ ಹಿಂದೆ ನೆನಪಿರುವ ಸಾಲು ಬರೆಯುತ್ತೇನೆ, ಆ ಸಾಲಿನ ಪಕ್ಕ ಆಕೆ ಏನು ಮಾಡುತ್ತಿದ್ದಳು ಅಂತ ಎರಡು ಪದ. ಸಾಲು ನೆನಪಾಗದಿದ್ದರೆ ಖಾಲಿ ಬಿಡುತ್ತೇನೆ. ಬೆಳಗಿನ ಚಹಾ ಆದಮೇಲೆ ಅದನ್ನು ನೋಡಿಕೊಂಡು ಅಂಕ ಹಾಕುತ್ತೇನೆ, ಕಮಿಟಿಯವರು ಎಷ್ಟೇ ಅವಸರ ಮಾಡಲಿ.

ಬಹುಮಾನ ಬರದವರು ಸ್ಟೇಜ್ ಹಿಂದೆ ಬಂದು, ಅರ್ಧ ಬಣ್ಣ ಒರೆಸಿಕೊಂಡು, "ಎಲ್ಲಿ ಕಡಿಮಿ ಆತ್ರಿ ಸರ್?" ಅಂತ ಕೇಳುತ್ತಾರೆ. ಆಗ 'ಭಾವ ಇನ್ನೂ ಬೇಕು' ಅಂತ ಹೇಳಿ ಕಳಿಸಬೇಡಿ. ಹಾಳೆ ತಿರುಗಿಸಿ ತೋರಿಸಿ, ಯಾವ ಸಾಲು ಕೇಳಿಸಿತು, ಯಾವುದು ಕೇಳಿಸಲಿಲ್ಲ ಅಂತ.