ಪೆಟ್ಟಿನ ಸೀನ್ ಬರೆಯುವವರಿಗೆ ಒಂದು ಸಲಹೆ

ಗೆಳೆತನ ಪ್ರೀತಿಗೆ ತಿರುಗಲಿ ಅಂತ ಫ್ಯಾನ್ ಫಿಕ್ಷನ್‌ನಲ್ಲಿ (ಮೆಚ್ಚಿನ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಒಬ್ಬರಿಗೆ ಪೆಟ್ಟು ಮಾಡಿಸುತ್ತೀರಾ? ಹಾಗಾದರೆ ನೋವಿಗಿಂತ ಪಕ್ಕದಲ್ಲಿರುವವರ ಗಾಬರಿಯನ್ನು ಜಾಸ್ತಿ ಬರೆಯಿರಿ. ಕಾನನ್ ಡಾಯ್ಲ್ ಬರೆದ 1924ರ ಒಂದು ಕಥೆಯಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್ ತೊಡೆಗೆ ಗುಂಡು ತಗಲುತ್ತದೆ. ಹೋಮ್ಸ್ ಚಾಕುವಿನಿಂದ ಪ್ಯಾಂಟ್ ಸೀಳಿ ಗಾಯ ನೋಡುತ್ತಾನೆ. ಹೋಮ್ಸ್‌ನ ತುಟಿ ನಡುಗುತ್ತಿರುತ್ತದೆ. ಗಾಯ ಆಳದ್ದೇನಲ್ಲ, ಆದರೆ ವರ್ಷಗಟ್ಟಲೆ ಮುಚ್ಚಿಟ್ಟದ್ದು ಹೊರಗೆ ಬಂತು ಅಲ್ವಾ? (ಪ್ರೀತಿ ಅಂತ ಓದಿಕೊಳ್ಳುವುದು ಅಭಿಮಾನಿಗಳ ಕೆಲಸ, ಡಾಯ್ಲ್ ಹಾಗೆ ಹೇಳಿಲ್ಲ.)

ಮೂಳೆ ಮುರಿಸಿದರೆ ಮುಂದಿನ ಅಧ್ಯಾಯದಲ್ಲೇ ಕುಸ್ತಿಗೆ ಇಳಿಸಬೇಡಿ. ಮುರಿದ ಕೈ ಕೂಡಿಕೊಳ್ಳಲು ಸುಮಾರು 6 ವಾರ ಬೇಕು. ಅಲ್ಲಿಯವರೆಗೆ ಶರ್ಟಿನ ಗುಂಡಿ ಹಾಕಲು, ಅನ್ನ ಕಲಸಲು ಗೆಳೆಯನೇ ಬರಬೇಕು. ಸಿಡುಕು, ನಾಚಿಕೆ, ಸಲಿಗೆ ಎಲ್ಲ ಅಲ್ಲೇ ಸಿಗುತ್ತದೆ. ಬ್ಯಾಂಡೇಜ್ ಬಿಚ್ಚುವ ದಿನ ಇಬ್ಬರಿಗೂ ಸ್ವಲ್ಪ ಬೇಜಾರಾಗಲಿ.